ಕಾಫಿ ಹೌಸಿನ ಗಣಿತ ಮೇಷ್ಟ್ರು: ಅಬ್ರಹಾಂ ಡಿ ಮಾಯ್ವರ್



ನಿಮ್ಮಲ್ಲಿ ಬಿಸಿಎ, ಬಿಎಸ್ಸಿ ಅಥವಾ ಇಂಜಿನಿಯರಿಂಗ್ ಓದುತ್ತಿರುವವರು ಪೈಥಾನ್ ಎಂಬ ಸ್ಕ್ರಿಪ್ಟಿಂಗ್ ಭಾಷೆಯನ್ನು ಲ್ಯಾಬಿನಲ್ಲಿ ಬಳಸಿರುತ್ತೀರಿ. ಅದರಲ್ಲಿ ರ್ಯಾಂಡಮ್ ಎಂಬ ಒಂದು ಮಾಡ್ಯೂಲ್ ಇದೆ. ಅದನ್ನು ಕೇಳಿದರೆ ಸೊನ್ನೆಯಿಂದ ಒಂದರವರೆಗಿನ ಯಾವುದೋ ಒಂದು ಸಂಖ್ಯೆಯನ್ನು ಕೊಡುತ್ತದೆ. ಮತ್ತೆ ಕೇಳಿದರೆ ಇನ್ನೊಂದು. ಯಾವ ಸಂಖ್ಯೆಗೂ ಹೆಚ್ಚು ಕಡಿಮೆ ಎಂಬುದಿಲ್ಲ, ಎಲ್ಲಕ್ಕೂ ಸಮಾನ ಅವಕಾಶ. ಆದರೆ ನಮ್ಮ ಸುತ್ತಲಿನ ಲೋಕ ಹಾಗಿಲ್ಲ. ಒಂದು ಕಾಲೇಜಿನ ಹುಡುಗರ ಎತ್ತರವನ್ನು ಅಳೆದು ನೋಡಿ. ಸರಾಸರಿಯ ಆಸುಪಾಸಿನಲ್ಲಿ ಹೆಚ್ಚು ಜನ, ಬಹಳ ಗಿಡ್ಡ ಮತ್ತು ಬಹಳ ಉದ್ದದವರು ಅಲ್ಲೊಬ್ಬ ಇಲ್ಲೊಬ್ಬ. ಗ್ರಾಫ್ ಬರೆದರೆ ಗಂಟೆಯನ್ನು ಕವುಚಿ ಇಟ್ಟಂತೆ ಕಾಣುತ್ತದೆ. ಇದನ್ನೇ ನಮ್ಮ ಪಠ್ಯಪುಸ್ತಕಗಳು ಪ್ರಸಾಮಾನ್ಯ ವಿತರಣೆ ಎನ್ನುತ್ತವೆ.

ಇಂಥ ಸಂಖ್ಯೆಗಳು ಬೇಕೆಂದರೆ ಅದೇ ಮಾಡ್ಯೂಲಿನಲ್ಲಿ ಗಾಸ್ ಎಂಬ ಇನ್ನೊಂದು ಫಂಕ್ಷನ್ ಇದೆ. ಸರಾಸರಿ 160, ಮಾನಕ ವಿಚಲನೆ 6 ಎಂದು ಕೊಟ್ಟು ಒಂದು ಸಾವಿರ ಎತ್ತರಗಳನ್ನು ತರಿಸಿಕೊಳ್ಳಿ. ಎಣಿಸಿ ನೋಡಿದರೆ 154ರಿಂದ 166ರ ಒಳಗೆ ಸುಮಾರು 680 ಸಂಖ್ಯೆಗಳು ಇರುತ್ತವೆ. ನಾಳೆ ಇನ್ನೊಂದು ಸಾವಿರ ತರಿಸಿ, ಆಗಲೂ ಸುಮಾರು 680. ನಿಮ್ಮ ಗೆಳೆಯ ಬೇರೆ ಕಂಪ್ಯೂಟರಿನಲ್ಲಿ ಮಾಡಲಿ, ಅವನಿಗೂ ಅಷ್ಟೇ.

ಈ 68 ಎಂಬ ಅಂಕಿ ಎಲ್ಲಿಂದ ಬಂತು? ಫಂಕ್ಷನ್ನಿಗೆ ಜರ್ಮನಿಯ ಮಹಾ ಗಣಿತಜ್ಞ ಗಾಸ್ ಹೆಸರಿದೆ. ಆದರೆ ಗಾಸ್ ಹುಟ್ಟುವುದಕ್ಕೆ 44 ವರ್ಷ ಮೊದಲೇ, 1733ರಲ್ಲಿ, ಕಾಗದ ಪೆನ್ನು ಹಿಡಿದು ಆ ಅಂಕಿಯನ್ನು ಆರು ದಶಮಾಂಶ ಸ್ಥಾನದವರೆಗೆ ಲೆಕ್ಕ ಹಾಕಿದ ಒಬ್ಬರಿದ್ದರು. ಲಂಡನ್ನಿನಲ್ಲಿ ಮನೆಮನೆಗೆ ಹೋಗಿ ಟ್ಯೂಷನ್ ಹೇಳಿ ಜೀವನ ಸಾಗಿಸಿದ ಅಬ್ರಹಾಂ ಡಿ ಮಾಯ್ವರ್. ನಮ್ಮ ಹಳೆಯ ಪಿಯುಸಿ ಗಣಿತದಲ್ಲಿ ಸಮ್ಮಿಶ್ರ ಸಂಖ್ಯೆಗಳ ಅಧ್ಯಾಯದಲ್ಲಿ ಡಿ ಮಾಯ್ವರ್ ಪ್ರಮೇಯ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ ಡಿ ಮಾಯ್ವರ್. ಪ್ರಮೇಯ ಗೊತ್ತು, ಮನುಷ್ಯ ಯಾರೆಂದು ನಾವು ಕೇಳಲಿಲ್ಲ, ಮೇಷ್ಟ್ರುಗಳೂ ಹೇಳಲಿಲ್ಲ.

ಅವರು ಹುಟ್ಟಿದ್ದು 1667ರ ಮೇ 26ರಂದು, ಫ್ರಾನ್ಸ್ ದೇಶದ ಶಾಂಪೇನ್ ಸೀಮೆಯ ವಿಟ್ರಿ ಎಂಬ ಪಟ್ಟಣದಲ್ಲಿ. ತಂದೆ ಶಸ್ತ್ರವೈದ್ಯರು. ಶ್ರೀಮಂತರಲ್ಲದಿದ್ದರೂ ಮಗನ ಓದಿಗೆ ಕೊರತೆ ಮಾಡದ ಮನೆ. ಆ ಕುಟುಂಬ ಪ್ರಾಟೆಸ್ಟೆಂಟ್ ಪಂಗಡಕ್ಕೆ ಸೇರಿತ್ತು. ಕ್ಯಾಥೊಲಿಕ್ ದೊರೆಯ ಕ್ಯಾಥೊಲಿಕ್ ದೇಶದಲ್ಲಿ ಇವರು ಅಲ್ಪಸಂಖ್ಯಾತರು. ಹ್ಯೂಗೆನೋಗಳೆಂದು ಇವರನ್ನು ಕರೆಯುತ್ತಿದ್ದರು. 1598ರಲ್ಲಿ ನಾಲ್ಕನೆಯ ಹೆನ್ರಿ ದೊರೆ ನಾಂತ್ ನಗರದಲ್ಲಿ ಹೊರಡಿಸಿದ ಒಂದು ಶಾಸನ ಇವರಿಗೆ ತಮ್ಮ ರೀತಿಯಲ್ಲಿ ಪ್ರಾರ್ಥನೆ ಮಾಡುವ, ಶಾಲೆಗಳನ್ನು ನಡೆಸುವ ಹಕ್ಕನ್ನು ಕೊಟ್ಟಿತ್ತು. ಅಬ್ರಹಾಂ ಹುಟ್ಟುವ ಹೊತ್ತಿಗೆ ಹದಿನಾಲ್ಕನೆಯ ಲೂಯಿಯ ಆಳ್ವಿಕೆ. ಶಾಸನ ಇನ್ನೂ ಕಾಗದದ ಮೇಲಿತ್ತು, ಆದರೆ ಅದರ ಒಂದೊಂದೇ ಎಳೆಯನ್ನು ಕೀಳುವ ಕೆಲಸ ನಡೆದಿತ್ತು.

ಹುಡುಗ ಮೊದಲು ಊರಿನ ಕ್ಯಾಥೊಲಿಕ್ ಶಾಲೆಯಲ್ಲೇ ಕಲಿತ. ಹನ್ನೊಂದನೆಯ ವಯಸ್ಸಿನಲ್ಲಿ ತಂದೆ ಅವನನ್ನು ಸೆಡಾನ್ ಊರಿನ ಪ್ರಾಟೆಸ್ಟೆಂಟ್ ಅಕಾಡೆಮಿಗೆ ಕಳುಹಿಸಿದರು. ಅಲ್ಲಿ ಗ್ರೀಕ್ ಭಾಷೆಯ ಅಭ್ಯಾಸ. 1681ರಲ್ಲಿ ಸರ್ಕಾರ ಆ ಅಕಾಡೆಮಿಯ ಬಾಗಿಲು ಮುಚ್ಚಿಸಿತು. ಹುಡುಗ ಸೊಮ್ಯೂರ್ ಎಂಬ ಊರಿನ ಇನ್ನೊಂದು ಪ್ರಾಟೆಸ್ಟೆಂಟ್ ಅಕಾಡೆಮಿಗೆ ಹೋಗಿ ಎರಡು ವರ್ಷ ತರ್ಕಶಾಸ್ತ್ರ ಓದಿದ. 1684ರಲ್ಲಿ ಅದನ್ನು ಬಿಟ್ಟು ಪ್ಯಾರಿಸ್ ಸೇರಿದ, ಮರುವರ್ಷ ಆ ಅಕಾಡೆಮಿಯನ್ನೂ ಮುಚ್ಚಲಾಯಿತು. ಓದಿದ ಎರಡು ವಿದ್ಯಾಸಂಸ್ಥೆಗಳೂ ಇಲ್ಲವಾದವು. ಶಾಲೆ ಕಟ್ಟಲು ಎಷ್ಟು ವರ್ಷ ಬೇಕು, ಮುಚ್ಚಲು ಎಷ್ಟು ದಿನ ಸಾಕು ಎಂಬುದು ನಮ್ಮ ಸಂಘದ ಹಿರಿಯರಿಗೆ ಬೇರೆಯಾಗಿ ವಿವರಿಸಬೇಕಿಲ್ಲ.

ಗಣಿತ ಆ ಶಾಲೆಗಳಲ್ಲಿ ಮುಖ್ಯ ವಿಷಯವಾಗಿರಲಿಲ್ಲ. ಹುಡುಗ ಅದನ್ನು ತಾನಾಗಿಯೇ ಕಲಿತದ್ದು ಹೆಚ್ಚು. ಡಚ್ ವಿಜ್ಞಾನಿ ಹೈಗನ್ಸ್ ಪಗಡೆ ದಾಳಗಳ ಆಟದ ಲೆಕ್ಕಾಚಾರದ ಮೇಲೆ ಬರೆದ ಚಿಕ್ಕ ಪುಸ್ತಕವೊಂದು ಸೊಮ್ಯೂರಿನ ದಿನಗಳಲ್ಲಿ ಕೈಗೆ ಸಿಕ್ಕಿತ್ತು. ಪೂರ್ತಿ ಅರ್ಥವಾಗದಿದ್ದರೂ ಓದಿದ. ಪ್ಯಾರಿಸಿನಲ್ಲಿ ಓಜಾನಾಂ ಎಂಬ ಗಣಿತ ಶಿಕ್ಷಕರ ಬಳಿ ಯೂಕ್ಲಿಡ್ ಮೊದಲಾದವನ್ನು ಕ್ರಮವಾಗಿ ಕಲಿಯುವ ಅವಕಾಶ ಸಿಕ್ಕಿತು.

1685ರ ಅಕ್ಟೋಬರಿನಲ್ಲಿ ಲೂಯಿ ದೊರೆ ನಾಂತ್ ಶಾಸನವನ್ನೇ ರದ್ದುಮಾಡಿದ. ಪ್ರಾಟೆಸ್ಟೆಂಟ್ ಪ್ರಾರ್ಥನಾ ಮಂದಿರಗಳನ್ನು ಕೆಡವಬೇಕು, ಶಾಲೆಗಳು ಇರಬಾರದು, ಹುಟ್ಟುವ ಮಕ್ಕಳೆಲ್ಲ ಕ್ಯಾಥೊಲಿಕ್ ದೀಕ್ಷೆ ಪಡೆಯಬೇಕು, ಪಾದ್ರಿಗಳು ದೇಶ ಬಿಡಬೇಕು, ಆದರೆ ಸಾಮಾನ್ಯ ಜನ ದೇಶ ಬಿಡಕೂಡದು! ಬಿಡಕೂಡದೆಂದರೂ ಅಂದಾಜು ಎರಡು ಲಕ್ಷ ಜನ ಗಡಿ ದಾಟಿದರು. ಹದಿನೆಂಟು ವರ್ಷದ ಅಬ್ರಹಾಂನನ್ನು ಕೆಲಕಾಲ ಪ್ಯಾರಿಸಿನ ಒಂದು ಮಠದಲ್ಲಿ ಬಂಧನದಲ್ಲಿಟ್ಟಿದ್ದರೆಂದು ಕೆಲವು ಜೀವನಚರಿತ್ರೆಗಳು ಹೇಳುತ್ತವೆ. ಅಂತೂ 1688ರ ಹೊತ್ತಿಗೆ ಅವರು ತಮ್ಮ ಡೇನಿಯಲ್ ಜೊತೆ ಲಂಡನ್ನಿನಲ್ಲಿದ್ದರು. ಮನೆಯಲ್ಲಿದ್ದ ಹೆಸರು ಬರೀ ಮಾಯ್ವರ್. ಅದಕ್ಕೆ ಕುಲೀನರ ಗುರುತಾದ ‘ಡಿ’ ಸೇರಿದ್ದು ಇಂಗ್ಲೆಂಡಿಗೆ ಬಂದ ಮೇಲೆ. ದೊಡ್ಡವರ ಮನೆಯ ಮಕ್ಕಳಿಗೆ ಪಾಠ ಹೇಳಬೇಕಾದ ಪರದೇಶಿಗೆ ಆ ಒಂದಕ್ಷರ ಉಪಯೋಗಕ್ಕೆ ಬಂದಿರಬೇಕು. ನಾನಂತೂ ಅದನ್ನು ತಪ್ಪೆನ್ನಲಾರೆ.

ಲಂಡನ್ನಿನಲ್ಲಿ ಅವರಿಗಿದ್ದ ಬಂಡವಾಳ ಗಣಿತವೊಂದೇ. ಬೆಳಗಾದರೆ ಒಬ್ಬರ ಮನೆ, ಅಲ್ಲಿಂದ ನಡೆದು ಇನ್ನೊಬ್ಬರ ಮನೆ. ಒಮ್ಮೆ ಡೆವನ್‌ಶೈರ್ ಪ್ರಭುವಿನ ಮನೆಗೆ ಹೋದಾಗ ಅಲ್ಲಿ ನ್ಯೂಟನ್ ಅವರ ಹೊಸ ಗ್ರಂಥ ಪ್ರಿನ್ಸಿಪಿಯಾ ಕಣ್ಣಿಗೆ ಬಿತ್ತು. ಅದು ಹೊರಬಂದದ್ದು 1687ರಲ್ಲಿ. ತಾನು ಗಣಿತ ಬಲ್ಲೆನೆಂದುಕೊಂಡಿದ್ದ ತರುಣನಿಗೆ ಪುಟ ತಿರುವಿದಾಗ ಏನೂ ಅರ್ಥವಾಗಲಿಲ್ಲ. ಒಂದು ಪ್ರತಿ ಕೊಂಡುಕೊಂಡರು. ಕೂತು ಓದಲು ಸಮಯವಿಲ್ಲ. ಪುಸ್ತಕವೋ ದಪ್ಪ, ಹೊತ್ತು ತಿರುಗುವಂತಿಲ್ಲ. ಹಾಳೆಗಳನ್ನು ಹರಿದು ದಿನಕ್ಕಿಷ್ಟು ಎಂದು ಜೇಬಿನಲ್ಲಿಟ್ಟುಕೊಂಡು ಒಂದು ಮನೆಯ ಪಾಠಕ್ಕೂ ಇನ್ನೊಂದು ಮನೆಯ ಪಾಠಕ್ಕೂ ನಡುವಿನ ಬಿಡುವಿನಲ್ಲಿ ಓದಿದರು. ಹೀಗೆ ಇಡೀ ಗ್ರಂಥ ಮುಗಿಯಿತು. ಮುಂದೆ ನ್ಯೂಟನ್ ವಯಸ್ಸಾದ ಮೇಲೆ, ಆ ಗ್ರಂಥದ ಬಗ್ಗೆ ಸಂದೇಹ ಕೇಳಲು ಬಂದವರನ್ನು ಇವರ ಬಳಿಗೇ ಕಳುಹಿಸುತ್ತಿದ್ದರಂತೆ. ಇವರಿಗೆ ತನಗಿಂತ ಚೆನ್ನಾಗಿ ಗೊತ್ತು ಎನ್ನುವುದು ಆ ಮಹಾನುಭಾವರ ಮಾತಿನ ಸಾರವಾಗಿತ್ತಂತೆ.

1692ರಲ್ಲಿ ಖಗೋಳಜ್ಞ ಹ್ಯಾಲಿ ಅವರ ಪರಿಚಯವಾಯಿತು. ಧೂಮಕೇತುವಿಗೆ ಹೆಸರು ಕೊಟ್ಟ ಹ್ಯಾಲಿಯೇ ಇವರು. 1695ರಲ್ಲಿ ಡಿ ಮಾಯ್ವರ್ ಅವರ ಮೊದಲ ಲೇಖನವನ್ನು ರಾಯಲ್ ಸೊಸೈಟಿಯ ಮುಂದಿಟ್ಟವರೂ ಅವರೇ. 1697ರಲ್ಲಿ ಸೊಸೈಟಿಯ ಸದಸ್ಯತ್ವ ದೊರೆಯಿತು. ಬಂದು ಹತ್ತು ವರ್ಷವಾಗುವುದರೊಳಗೆ ನಿರಾಶ್ರಿತನೊಬ್ಬ ಇಂಗ್ಲೆಂಡಿನ ಅತಿ ದೊಡ್ಡ ವಿದ್ವತ್ ಸಭೆಯಲ್ಲಿ ಕೂರುವಂತಾದ. ಆದರೆ ಗೌರವ ಬೇರೆ, ಸಂಬಳ ಬೇರೆ. ಒಂದು ವಿಶ್ವವಿದ್ಯಾನಿಲಯದ ಹುದ್ದೆ ಸಿಕ್ಕಿದ್ದರೆ ಟ್ಯೂಷನ್ನಿನ ಅಲೆದಾಟ ತಪ್ಪುತ್ತಿತ್ತು. ಅದು ಸಿಗಲಿಲ್ಲ. ಲೈಬ್ನಿಟ್ಸ್ ಅಂಥವರು ಯೂರೋಪಿನಲ್ಲಿ ಏನಾದರೂ ಮಾಡಿಸಿಕೊಡಲು ನೋಡಿದರು, ಆಗಲಿಲ್ಲ. 1707ರಲ್ಲಿ ಸ್ವಿಸ್ ಗಣಿತಜ್ಞ ಯೋಹಾನ್ ಬರ್ನೌಲಿ ಅವರಿಗೆ ಬರೆದ ಪತ್ರದಲ್ಲಿ ಡಿ ಮಾಯ್ವರ್ ತಮ್ಮ ಕಷ್ಟ ತೋಡಿಕೊಂಡಿದ್ದಾರೆ. ಬೆಳಗಿನಿಂದ ರಾತ್ರಿಯವರೆಗೆ ಪಾಠವೇ ಆಗುತ್ತದೆ, ಶಿಷ್ಯರು ಊರಿನ ಮೂಲೆಮೂಲೆಯಲ್ಲಿರುವುದರಿಂದ ನಡೆಯುವುದರಲ್ಲೇ ಹೊತ್ತು ಹೋಗುತ್ತದೆ, ಸ್ವಂತ ಅಧ್ಯಯನಕ್ಕೆ ಸಮಯವೇ ಉಳಿಯುವುದಿಲ್ಲ ಎಂಬುದು ಅದರ ಅರ್ಥ. ಆಗ ಅವರಿಗೆ ನಲವತ್ತು ವರ್ಷ.

ಸಂಜೆಯಾದರೆ ಅವರ ಠಿಕಾಣಿ ಸೇಂಟ್ ಮಾರ್ಟಿನ್ಸ್ ಲೇನಿನ ಸ್ಲಾಟರ್ಸ್ ಕಾಫಿ ಹೌಸ್. ಅದೇ ಅವರ ಕಚೇರಿ ಎಂದರೂ ತಪ್ಪಿಲ್ಲ. ವಿಮೆ, ಬಡ್ಡಿ, ಪಿಂಚಣಿಯ ಲೆಕ್ಕ ಕೇಳುವವರು ಅಲ್ಲಿಗೇ ಬರುತ್ತಿದ್ದರು. ಪಂದ್ಯ ಕಟ್ಟುವವರೂ ಬರುತ್ತಿದ್ದರು. ಇವರು ಲೆಕ್ಕ ಮಾಡಿಕೊಟ್ಟು ಶುಲ್ಕ ಪಡೆಯುತ್ತಿದ್ದರು. ನ್ಯೂಟನ್ ಸಂಜೆ ಅಲ್ಲಿಗೆ ಬಂದು ಇವರನ್ನು ಮನೆಗೆ ಕರೆದುಕೊಂಡು ಹೋಗುತ್ತಿದ್ದರೆಂಬ ಮಾತೂ ಇದೆ.

ಜೂಜಿನ ಲೆಕ್ಕವೇ ಎಂದು ನಮ್ಮ ಓದುಗರಲ್ಲಿ ಕೆಲವರು ಮುಖ ಸಿಂಡರಿಸಬಹುದು. ನಿಜ, ಸಂಭವನೀಯತೆಯ ಶಾಸ್ತ್ರ ಹುಟ್ಟಿದ್ದು ದಾಳದ ಮೇಜಿನ ಬಳಿಯೇ. ಆದರೆ 1718ರಲ್ಲಿ ಪ್ರಕಟವಾದ ‘ದ ಡಾಕ್ಟ್ರಿನ್ ಆಫ್ ಚಾನ್ಸಸ್’ ಎಂಬ ತಮ್ಮ ಮುಖ್ಯ ಗ್ರಂಥದಲ್ಲಿ ಡಿ ಮಾಯ್ವರ್ ಹೇಳುವುದು ಬೇರೆ. ಅದೃಷ್ಟವೆಂಬುದು ಒಬ್ಬರ ಬೆನ್ನಿಗಂಟಿಕೊಂಡು ಬರುತ್ತದೆ ಎಂಬ ಮೂಢನಂಬಿಕೆಯನ್ನು ಈ ಲೆಕ್ಕ ಬಿಡಿಸುತ್ತದೆ ಎಂಬುದು ಅವರ ವಾದ. ಪುಸ್ತಕವನ್ನು ಅವರು ನ್ಯೂಟನ್ ಅವರಿಗೆ ಅರ್ಪಿಸಿದರು. 1725ರಲ್ಲಿ ಜೀವಾವಧಿ ವರ್ಷಾಶನಗಳ ಬಗ್ಗೆ ಇನ್ನೊಂದು ಪುಸ್ತಕ ಬಂತು. ಇಷ್ಟು ವಯಸ್ಸಿನವರು ಬದುಕಿರುವ ತನಕ ವರ್ಷಕ್ಕೆ ಇಷ್ಟು ಹಣ ಪಡೆಯಬೇಕಾದರೆ ಈಗ ಎಷ್ಟು ಕಟ್ಟಬೇಕು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ. ಲೆಕ್ಕ ಸುಲಭವಾಗಲೆಂದು ಮನುಷ್ಯನ ಆಯುಸ್ಸಿನ ಕೊನೆಯ ಗಡಿ 86 ವರ್ಷ ಎಂದು ಅವರು ಇಟ್ಟುಕೊಂಡರು. ತಾವೇ 87 ವರ್ಷ ಬದುಕಿ ತಮ್ಮ ಲೆಕ್ಕವನ್ನು ಒಂದು ವರ್ಷದಿಂದ ತಪ್ಪಿಸಿದರು!

ಪಿಯುಸಿಯ ಪ್ರಮೇಯದ ಬೀಜ ಇರುವುದು ಅವರ 1707 ಮತ್ತು 1722ರ ಲೇಖನಗಳಲ್ಲಿ. ನಾವು ಓದಿದ ರೂಪವನ್ನು ಅದಕ್ಕೆ ಕೊಟ್ಟವರು ಆಯ್ಲರ್, 1748ರಲ್ಲಿ.

ಈಗ 1733ಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ವಿನಂತಿ.

ಒಂದು ನಾಣ್ಯವನ್ನು 3600 ಸಲ ಚಿಮ್ಮಿದಿರೆನ್ನಿ. ಹೆಡ್ ಸುಮಾರು 1800 ಸಲ ಬೀಳಬೇಕೆಂದು ಎಲ್ಲರಿಗೂ ಗೊತ್ತು. ಕರಾರುವಾಕ್ಕಾಗಿ 1800 ಬೀಳುವುದು ಅಪರೂಪ, ಎಪ್ಪತ್ತೈದು ಪ್ರಯತ್ನಗಳಲ್ಲಿ ಒಮ್ಮೆ ಎನ್ನಬಹುದು. ಹಾಗಾದರೆ 1800ರಿಂದ ಎಷ್ಟು ಆಚೀಚೆ ಆಗುವುದು ಸಹಜ? ಎಷ್ಟಾದರೆ ನಾಣ್ಯದ ಮೇಲೆ ಅನುಮಾನ ಪಡಬೇಕು? ಈ ಪ್ರಶ್ನೆ ನಾಣ್ಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಚುನಾವಣಾ ಸಮೀಕ್ಷೆ, ಔಷಧಿಯ ಪರೀಕ್ಷೆ, ಕಾರ್ಖಾನೆಯ ಗುಣಮಟ್ಟ, ಎಲ್ಲದರ ಬುಡದಲ್ಲೂ ಇರುವುದು ಇದೇ ಪ್ರಶ್ನೆ.

ಯೋಹಾನ್ ಬರ್ನೌಲಿಯ ಅಣ್ಣ ಯಾಕೋಬ್ ಇದರ ಮೇಲೆ ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡಿದ್ದರು. ಪ್ರಯತ್ನಗಳ ಸಂಖ್ಯೆ ಹೆಚ್ಚಿದಂತೆ ಪ್ರಮಾಣ ಸ್ಥಿರವಾಗುತ್ತದೆಂದು ಅವರು ಸಾಧಿಸಿ ತೋರಿಸಿದರು. ಅವರು ತೀರಿಕೊಂಡ ಮೇಲೆ 1713ರಲ್ಲಿ ಆ ಗ್ರಂಥ ಅಚ್ಚಾಯಿತು. ಆದರೆ ಅವರ ವಿಧಾನದಲ್ಲಿ ಒಂದು ಸಾಮಾನ್ಯ ಉದಾಹರಣೆಗೇ 25,550 ಪ್ರಯತ್ನಗಳು ಬೇಕೆಂದು ಬಂತು. ಆ ಕಾಲದ ಒಂದು ಪಟ್ಟಣದ ಜನಸಂಖ್ಯೆಯೇ ಅಷ್ಟಿರುತ್ತಿರಲಿಲ್ಲ! ಸಿದ್ಧಾಂತವಾಗಿ ಸರಿ, ಬಳಕೆಗೆ ಬಾರದು.

ನೇರವಾಗಿ ಲೆಕ್ಕ ಹಾಕೋಣವೆಂದರೆ 3600ರಿಂದ ಒಂದರವರೆಗೆ ಎಲ್ಲವನ್ನೂ ಗುಣಿಸಬೇಕು, ಭಾಗಿಸಬೇಕು, ಮತ್ತೆ ಅಂಥ ಹತ್ತಾರು ಪದಗಳನ್ನು ಕೂಡಬೇಕು. ಕೈಯಲ್ಲಿ ಆಗುವ ಮಾತಲ್ಲ. ಡಿ ಮಾಯ್ವರ್ ಬೇರೆ ದಾರಿ ಹುಡುಕಿದರು. ಅಷ್ಟು ದೊಡ್ಡ ಗುಣಲಬ್ಧದ ಬದಲಿಗೆ ಅದಕ್ಕೆ ತೀರ ಹತ್ತಿರವಿರುವ ಒಂದು ಸೂತ್ರ ಸಾಕಲ್ಲ ಎಂದು ಹೊರಟರು. ಸೂತ್ರವೇನೋ ದೊರಕಿತು, ಆದರೆ ಅದರಲ್ಲಿ ಒಂದು ಸ್ಥಿರಾಂಕ ಬಾಕಿ ಉಳಿಯಿತು. ಶ್ರೇಢಿಯ ಪದಗಳನ್ನು ಒಂದೊಂದಾಗಿ ಕೂಡಿ ಅದು ಎರಡೂವರೆಯ ಆಸುಪಾಸಿನಲ್ಲಿದೆ ಎಂದು ಕಂಡುಕೊಂಡಿದ್ದರು. ಅದು ಏನು, ಎಲ್ಲಿಂದ ಬಂತು ಎಂಬುದು ತಿಳಿಯಲಿಲ್ಲ. ಸ್ಕಾಟ್ಲೆಂಡಿನ ಗೆಳೆಯ ಜೇಮ್ಸ್ ಸ್ಟರ್ಲಿಂಗ್ ಅದನ್ನು ಗುರುತಿಸಿದರು. ಒಂದು ಮಾನ ತ್ರಿಜ್ಯವುಳ್ಳ ವೃತ್ತದ ಸುತ್ತಳತೆಯ ವರ್ಗಮೂಲವೇ ಅದು. ಅಂದರೆ ಎರಡು ಪೈಯ ವರ್ಗಮೂಲ, 2.5066. ನಾಣ್ಯ ಚಿಮ್ಮುವ ಲೆಕ್ಕದೊಳಗೆ ವೃತ್ತ ಹೇಗೆ ಬಂದು ಕೂತಿತು? ಈ ಪ್ರಶ್ನೆಯನ್ನು ನೀವು ಮನಸ್ಸಿನಲ್ಲಿಟ್ಟುಕೊಂಡಿರಿ, ಕಂಪ್ಯೂಟರಿನ ಬಳಿ ಬಂದಾಗ ಬೇಕಾಗುತ್ತದೆ. ಕೀರ್ತಿಯನ್ನು ಗೆಳೆಯನೊಂದಿಗೆ ಹಂಚಿಕೊಳ್ಳಲು ಡಿ ಮಾಯ್ವರ್ ಹಿಂದೆಮುಂದೆ ನೋಡಲಿಲ್ಲ, ಸ್ಟರ್ಲಿಂಗ್ ಹೆಸರನ್ನು ತಮ್ಮ ಬರಹದಲ್ಲೇ ನಮೂದಿಸಿದರು. ಇಂದು ಆ ಇಡೀ ಸೂತ್ರ ಸ್ಟರ್ಲಿಂಗ್ ಸೂತ್ರವೆಂದೇ ಪ್ರಸಿದ್ಧವಾಗಿದೆ.

ಸ್ಥಿರಾಂಕ ಕೈಗೆ ಬಂದ ಮೇಲೆ ಉಳಿದದ್ದು ಬಿಚ್ಚಿಕೊಂಡಿತು. ಆಚೀಚೆಯ ಅಳತೆ ಪ್ರಯತ್ನಗಳ ಸಂಖ್ಯೆಗೆ ಅನುಗುಣವಾಗಿ ಬೆಳೆಯುವುದಿಲ್ಲ, ಅದರ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. 3600ರ ವರ್ಗಮೂಲ 60, ಅದರ ಅರ್ಧ 30. 1800ರಿಂದ 30 ಈಚೆ, 30 ಆಚೆ, ಅಂದರೆ 1770ರಿಂದ 1830ರ ಒಳಗೆ ಹೆಡ್ ಬೀಳುವ ಸಂಭವನೀಯತೆ 0.682688 ಎಂದು ಅವರು ಬರೆದರು. ಲ್ಯಾಬಿನಲ್ಲಿ ನೀವು ಕಂಡ ಅದೇ 68. ಪ್ರಯತ್ನಗಳನ್ನು ನಾಲ್ಕು ಪಟ್ಟು, 14,400 ಮಾಡಿದರೆ ಆಚೀಚೆ 60 ಆಗುತ್ತದೆ, ಅಂದರೆ ಒಟ್ಟಿಗೆ ಹೋಲಿಸಿದರೆ ಅರ್ಧವಷ್ಟೇ ಆಗುತ್ತದೆ. ತಪ್ಪನ್ನು ಅರ್ಧ ಮಾಡಬೇಕಾದರೆ ಕೆಲಸ ನಾಲ್ಕು ಪಟ್ಟು. ಇವತ್ತಿನ ಸಮೀಕ್ಷೆಯವರೂ, ಕಂಪ್ಯೂಟರ್ ಸಿಮ್ಯುಲೇಶನ್ ಮಾಡುವವರೂ ಈ ನಿಯಮದಿಂದ ತಪ್ಪಿಸಿಕೊಳ್ಳಲಾರರು.

1733ರ ನವೆಂಬರ್ 12ರ ದಿನಾಂಕ ಹಾಕಿ, ಲ್ಯಾಟಿನ್ ಭಾಷೆಯಲ್ಲಿ ಏಳು ಪುಟದ ಒಂದು ಕಿರುಹೊತ್ತಗೆಯಾಗಿ ಅವರು ಇದನ್ನು ಅಚ್ಚು ಹಾಕಿಸಿದರು. ಮಾರಾಟಕ್ಕಲ್ಲ, ಕೆಲವು ಗೆಳೆಯರಿಗೆ ಕೊಡಲು ಮಾತ್ರ. ಆಗ ಅವರಿಗೆ ಅರವತ್ತಾರು ವರ್ಷ. ಇದರ ತಿರುಳು ತಮಗೆ ಹನ್ನೆರಡು ವರ್ಷ ಮೊದಲೇ ಹೊಳೆದಿತ್ತೆಂದೂ ಅದರಲ್ಲಿ ಹೇಳಿಕೊಂಡಿದ್ದಾರೆ. ಹನ್ನೆರಡು ವರ್ಷ! ಹೊಟ್ಟೆಪಾಡಿನ ಪಾಠಗಳು ಎಷ್ಟನ್ನು ನುಂಗಿರಬಹುದೆಂದು ಯೋಚಿಸಿದರೆ ಸಂಕಟವಾಗುತ್ತದೆ. 1738ರಲ್ಲಿ ಗ್ರಂಥದ ಎರಡನೆಯ ಮುದ್ರಣ ಬಂದಾಗ ಅದನ್ನೇ ಇಂಗ್ಲಿಷಿಗೆ ತಂದು ಸೇರಿಸಿದರು. ದೀರ್ಘಾವಧಿಯಲ್ಲಿ ಆಕಸ್ಮಿಕಗಳೇ ಒಂದು ಕ್ರಮಕ್ಕೆ ಬರುವುದರಲ್ಲಿ ಅವರು ಸೃಷ್ಟಿಕರ್ತನ ವ್ಯವಸ್ಥೆಯನ್ನು ಕಂಡರು. ಆ ಮಾತನ್ನೂ ಗ್ರಂಥದಲ್ಲಿ ಬರೆದರು.

ಕಾಲ ಕಳೆಯಿತು. ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ನಿದ್ದೆ ಬಹಳವಾಗಿತ್ತು. ದಿನಕ್ಕೆ ಇಷ್ಟು ನಿಮಿಷ ನಿದ್ದೆ ಹೆಚ್ಚುತ್ತಿದೆ ಎಂದು ಲೆಕ್ಕ ಹಾಕಿ, ಇಪ್ಪತ್ನಾಲ್ಕು ಗಂಟೆ ತುಂಬುವ ದಿನ ತನ್ನ ಸಾವು ಎಂದು ಹೇಳಿದ್ದರು, ಹಾಗೆಯೇ ಆಯಿತು ಎಂಬ ಕಥೆಯನ್ನು ನೀವು ಕೇಳಿರಬಹುದು. ಕೇಳಲು ಚೆಂದ. ಗಣಿತಜ್ಞರ ಬಗ್ಗೆ ಜನ ಇಂಥವನ್ನು ಕಟ್ಟುತ್ತಾರೆ, ನನಗೆ ನಂಬಿಕೆ ಬರುವುದಿಲ್ಲ. ತೀರ ಬಡತನದಲ್ಲಿ ಸತ್ತರೆಂದು ಹಳೆಯ ಪುಸ್ತಕಗಳು ಬರೆದಿದ್ದವು. ಕೊನೆಗಾಲಕ್ಕೆ ಒಂದಿಷ್ಟು ಉಳಿತಾಯ ಇತ್ತೆಂದು ಈಚಿನ ಸಂಶೋಧಕರು ಹೇಳಿರುವುದು ಸಮಾಧಾನದ ವಿಷಯ. 1754ರ ಜೂನ್ ತಿಂಗಳಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿ ಅವರನ್ನು ತನ್ನ ವಿದೇಶಿ ಸದಸ್ಯರನ್ನಾಗಿ ಆರಿಸಿತು. ಹೌದು, ವಿದೇಶಿ ಸದಸ್ಯ. ಅದೇ ವರ್ಷ ನವೆಂಬರ್ 27ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು. ಗ್ರಂಥದ ಮೂರನೆಯ ಮುದ್ರಣ 1756ರಲ್ಲಿ ಹೊರಬಂತು.

ಆ ಏಳು ಪುಟಗಳನ್ನು ಲೋಕ ಮರೆತೇ ಬಿಟ್ಟಿತು. ಗಾಸ್ 1809ರಲ್ಲಿ ಗ್ರಹಗಳ ಚಲನೆಯ ಗ್ರಂಥದಲ್ಲಿ ಅಳತೆಯ ತಪ್ಪುಗಳು ಅದೇ ಗಂಟೆಯಾಕಾರದ ರೇಖೆಯಂತೆ ಹರಡುತ್ತವೆಂದು ವಿವರಿಸಿದರು. ಫ್ರಾನ್ಸಿನ ಲಾಪ್ಲಾಸ್ ಆ ವೇಳೆಗೆ, ನಾಣ್ಯಕ್ಕೆ ಮಾತ್ರವಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಅನೇಕ ಆಕಸ್ಮಿಕಗಳ ಮೊತ್ತಕ್ಕೆಲ್ಲ ಈ ರೇಖೆ ಅನ್ವಯಿಸುತ್ತದೆಂದು ತೋರಿಸಿದರು. ಹೆಸರು ಗಾಸ್ ಅವರಿಗೆ ಹೋಯಿತು. 1991ರಿಂದ ಯೂರೋ ಬರುವ ತನಕ ಚಲಾವಣೆಯಲ್ಲಿದ್ದ ಜರ್ಮನಿಯ ಹತ್ತು ಮಾರ್ಕಿನ ನೋಟಿನ ಮೇಲೆ ಗಾಸ್ ಅವರ ಚಿತ್ರ, ಪಕ್ಕದಲ್ಲೇ ಆ ರೇಖೆ. 1733ರ ಹೊತ್ತಗೆಯತ್ತ 1924ರಲ್ಲಿ ವಿದ್ವಾಂಸರ ಗಮನ ಸೆಳೆದವರು ಲಂಡನ್ನಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್. ಗಾಸ್ ಅವರ ಯೋಗ್ಯತೆ ಇದರಿಂದ ಕಡಿಮೆಯಾಗುವುದಿಲ್ಲ. ಡಿ ಮಾಯ್ವರ್ ಅದನ್ನು ನಾಣ್ಯದ ಲೆಕ್ಕಕ್ಕೆ ಒಂದು ಹತ್ತಿರದ ದಾರಿ ಎಂದು ಕಂಡರೇ ಹೊರತು ಪ್ರಕೃತಿಯ ನಿಯಮವೆಂದು ಕಾಣಲಿಲ್ಲ, ಇದನ್ನೂ ಹೇಳಬೇಕು.

ರೇಖೆ ಗೊತ್ತಾದ ಮೇಲೆ ಆ ರೇಖೆಯಂತೆ ನಡೆಯುವ ಸಂಖ್ಯೆಗಳನ್ನು ಬೇಕೆಂದಾಗ ತಯಾರಿಸುವ ಅಗತ್ಯ ಬಂತು. ಒಂದು ವಿಧಾನ ಸರಿಯೇ ಎಂದು ಪರೀಕ್ಷಿಸಲು ಸುಳ್ಳು ದತ್ತಾಂಶ ಬೇಕಲ್ಲ! ಗಾಲ್ಟನ್ 1890ರಲ್ಲಿ ಇದಕ್ಕೆಂದೇ ಮೂರು ಬಗೆಯ ವಿಶೇಷ ದಾಳಗಳನ್ನು ಮಾಡಿದರು. ನಮ್ಮ ದೇಶದಲ್ಲಿ ಮಹಲನೋಬಿಸ್ ಮತ್ತು ಸಂಗಡಿಗರು 1934ರಲ್ಲಿ ಕಲ್ಕತ್ತದ ‘ಸಾಂಖ್ಯ’ ಪತ್ರಿಕೆಯಲ್ಲಿ ಇಂಥ ಸಂಖ್ಯೆಗಳ ಕೋಷ್ಟಕಗಳನ್ನೇ ಪ್ರಕಟಿಸಿದರು. ಆಮೇಲೆ ಕಂಪ್ಯೂಟರ್ ಬಂತು.

ಕಂಪ್ಯೂಟರಿಗೆ ಬರುವುದು ಸೊನ್ನೆಯಿಂದ ಒಂದರವರೆಗಿನ ಸಮಾನ ಅವಕಾಶದ ಸಂಖ್ಯೆ ಮಾತ್ರ. ಅದರಿಂದ ಗಂಟೆಯಾಕಾರ ತೆಗೆಯುವುದು ಹೇಗೆ? ಹಳೆಯ ಉಪಾಯ ಡಿ ಮಾಯ್ವರ್ ದಾರಿಯದೇ, ಕೂಡುವುದು. ಅಂಥ ಹನ್ನೆರಡು ಸಂಖ್ಯೆಗಳನ್ನು ಕೂಡಿ ಆರನ್ನು ಕಳೆಯಿರಿ. ಒಂದೊಂದರ ಸರಾಸರಿ ಅರ್ಧ, ಹನ್ನೆರಡರದು ಆರು, ಆದ್ದರಿಂದ ಕಳೆದ ಮೇಲೆ ಸರಾಸರಿ ಸೊನ್ನೆ. ಒಂದೊಂದರ ವಿಚಲನೆಯ ವರ್ಗ ಹನ್ನೆರಡನೇ ಒಂದು ಭಾಗ, ಹನ್ನೆರಡು ಸೇರಿದರೆ ಸರಿಯಾಗಿ ಒಂದು. ಹನ್ನೆರಡೇ ಏಕೆ ಎಂಬುದಕ್ಕೆ ಇದೇ ಕಾರಣ. ಪಿಎಚ್‌ಪಿಯಲ್ಲಾಗಲಿ ಪರ್ಲ್‌ನಲ್ಲಾಗಲಿ ನಾಲ್ಕು ಸಾಲಿನಲ್ಲಿ ಬರೆಯಬಹುದು. ಕೊರತೆಯೆಂದರೆ ಆರರ ಆಚೆಗೆ ಸಂಖ್ಯೆ ಹೋಗುವುದೇ ಇಲ್ಲ, ಅಂಚುಗಳು ಸೊರಗುತ್ತವೆ. ಅಪರೂಪದ ಅನಾಹುತಗಳನ್ನು ಅಂದಾಜು ಮಾಡುವವರು ಇದನ್ನು ನಂಬಬಾರದು.

ಪೈಥಾನಿನ ಗಾಸ್ ಫಂಕ್ಷನ್ ಮಾಡುವುದು ಬೇರೆ, 1958ರಲ್ಲಿ ಬಾಕ್ಸ್ ಮತ್ತು ಮುಲ್ಲರ್ ಪ್ರಕಟಿಸಿದ ವಿಧಾನ. ಒಂದು ಕಾಗದದ ನಡುವೆ ಚುಕ್ಕಿ ಇಟ್ಟು ಅದರ ಮೇಲೆ ರಾಗಿ ಸುರಿದಿರೆನ್ನಿ. ನಡುವೆ ದಟ್ಟ, ಹೊರಗೆ ಹೋದಂತೆ ವಿರಳ, ಎಲ್ಲ ದಿಕ್ಕಿಗೂ ಒಂದೇ ಸಮ. ಎಡಬಲದ ದೂರವೂ ಮೇಲೆಕೆಳಗಿನ ದೂರವೂ ಪ್ರಸಾಮಾನ್ಯವಾಗಿದ್ದರೆ ಹರಡುವಿಕೆ ಹೀಗೇ ದುಂಡಗಾಗುತ್ತದೆ. ಹಾಗಾದರೆ ಹಿಂದುಮುಂದಾಗಿ ಹೋಗಬಹುದಲ್ಲ? ಒಂದು ಸಂಖ್ಯೆ ತೆಗೆದುಕೊಂಡು ಎರಡು ಪೈಯಿಂದ ಗುಣಿಸಿದರೆ ಯಾವುದೋ ಒಂದು ದಿಕ್ಕು ಸಿಗುತ್ತದೆ. ಇನ್ನೊಂದು ಸಂಖ್ಯೆಯ ಲಾಗರಿತಮ್ ತೆಗೆದು, ಮೈನಸ್ ಎರಡರಿಂದ ಗುಣಿಸಿ, ವರ್ಗಮೂಲ ತೆಗೆದರೆ ಕೇಂದ್ರದಿಂದ ದೂರ ಸಿಗುತ್ತದೆ. ಆ ದೂರವನ್ನು ದಿಕ್ಕಿನ ಕೊಸೈನ್‌ನಿಂದ ಗುಣಿಸಿದರೆ ಒಂದು ಪ್ರಸಾಮಾನ್ಯ ಸಂಖ್ಯೆ, ಸೈನ್‌ನಿಂದ ಗುಣಿಸಿದರೆ ಇನ್ನೊಂದು. ಎರಡಕ್ಕೆ ಎರಡು. ಪೈಥಾನ್ ಒಂದನ್ನು ನಿಮಗೆ ಕೊಟ್ಟು ಇನ್ನೊಂದನ್ನು ಮುಂದಿನ ಸಲಕ್ಕೆ ಎತ್ತಿಟ್ಟುಕೊಳ್ಳುತ್ತದೆ. ಸ್ಟರ್ಲಿಂಗ್ ಗುರುತಿಸಿದ ಆ ಎರಡು ಪೈ ನಾಣ್ಯದ ಲೆಕ್ಕದಲ್ಲಿ ಏಕೆ ಕೂತಿತ್ತೆಂಬುದು ಈಗ ಸ್ವಲ್ಪ ಕಾಣುತ್ತದೆ. ಗಂಟೆಯನ್ನು ಮೇಲಿನಿಂದ ನೋಡಿದರೆ ವೃತ್ತ!

ನೀವೇ ಈ ಸಾಲುಗಳನ್ನು ಬರೆಯುವುದಾದರೆ ಒಂದು ಎಚ್ಚರಿಕೆ. ಕಂಪ್ಯೂಟರ್ ಕೊಡುವ ಸಂಖ್ಯೆ ಒಂದನ್ನು ಮುಟ್ಟುವುದಿಲ್ಲ, ಆದರೆ ಸೊನ್ನೆ ಬರಬಹುದು. ಸೊನ್ನೆಗೆ ಲಾಗರಿತಮ್ ಇಲ್ಲ, ಲಕ್ಷಾಂತರ ಸಲ ಸರಿಯಾಗಿ ನಡೆದ ಪ್ರೋಗ್ರಾಂ ಎಂದೋ ಒಂದು ದಿನ ನಿಂತುಬಿಡುತ್ತದೆ. ಆದ್ದರಿಂದ ಒಂದರಿಂದ ಆ ಸಂಖ್ಯೆಯನ್ನು ಕಳೆದು ಆಮೇಲೆ ಲಾಗರಿತಮ್ ತೆಗೆಯಬೇಕು. ಪೈಥಾನ್ ಮಾಡಿದವರೂ ಹಾಗೆಯೇ ಮಾಡಿದ್ದಾರೆ. ಫಲಿತಾಂಶವನ್ನು ಮತ್ತೆ ತಾಳೆ ನೋಡಬೇಕಾದರೆ ಆರಂಭದಲ್ಲಿ ಸೀಡ್ ಕೊಡುವುದನ್ನು ಮರೆಯಬೇಡಿ. ಒಂದೇ ಸೀಡಿಗೆ ಅದೇ ಸಂಖ್ಯೆಗಳು ಅದೇ ಕ್ರಮದಲ್ಲಿ ಬರುತ್ತವೆ.

ಮುಂದಿನ ಸಲ ಲ್ಯಾಬಿನಲ್ಲಿ ಬಿಡುವು ಸಿಕ್ಕಾಗ ಡಿ ಮಾಯ್ವರ್ ಅವರ ಲೆಕ್ಕವನ್ನೇ ಪರೀಕ್ಷಿಸಿ ನೋಡಿ. 3600 ನಾಣ್ಯಗಳನ್ನು ಚಿಮ್ಮಿ ಹೆಡ್ ಎಣಿಸುವ ಪ್ರೋಗ್ರಾಂ ಬರೆದು, ಅದನ್ನು ಒಂದು ಸಾವಿರ ಸಲ ನಡೆಸಿ. 1770ರಿಂದ 1830ರವರೆಗೆ ಎಷ್ಟು ಸಲ ಬಂತೆಂದು ಎಣಿಸಿ. ಸುಮಾರು 680ರಿಂದ 700 ಬಂದೀತು. ಸಮಯವಿದ್ದರೆ ಒಂದು ಲಕ್ಷ ಸಲ ನಡೆಸಿ. ಆಗ ಒಂದು ವಿಚಿತ್ರ ಕಾಣುತ್ತದೆ. ಪ್ರಮಾಣ 0.6827ಕ್ಕೆ ಬಂದು ನಿಲ್ಲುವುದಿಲ್ಲ, 0.69ರ ಹತ್ತಿರ ನಿಲ್ಲುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. 1770 ಮತ್ತು 1830, ಈ ಎರಡು ಕೊನೆಗಳನ್ನು ಪೂರ್ತಿಯಾಗಿ ಸೇರಿಸಿದ್ದೀರಿ. ನಯವಾದ ರೇಖೆ ಆ ಎರಡು ಮೆಟ್ಟಿಲುಗಳ ಅರ್ಧರ್ಧವನ್ನು ಹೊರಗೆ ಬಿಟ್ಟಿತ್ತು. 30ರ ಬದಲು 30.5 ಎಂದು ಇಟ್ಟು ಸೂತ್ರವನ್ನು ಮತ್ತೊಮ್ಮೆ ಲೆಕ್ಕ ಹಾಕಿ, 0.6907 ಬರುತ್ತದೆ.